ದಾಕ್ಷಿಣ್ಯ

ನನ್ನ ಅಪ್ಪ ಕರಾವಳಿಯ ಒಂದು ಮುನ್ಸೀಫ್ ಕೋರ್ಟಿನಲ್ಲಿ ಗುಮಾಸ್ತರಾಗಿದ್ದರು. ಒಂದು ಬೇಸಿಗೆಯಲ್ಲಿ ಊರಿನ ದೊಡ್ಡ ಮನೆಯವರು ಮುನ್ಸೀಫರಿಗೆಂದು ಒಂದು ಬುಟ್ಟಿ ಮುಂಡಪ್ಪ ಮಾವಿನ ಹಣ್ಣು ಕಳಿಸಿದರು. ಮುನ್ಸೀಫರು ಬುಟ್ಟಿಯ ಮೇಲಿನ ಬಾಳೆಲೆಯನ್ನೂ ಸರಿಸದೆ ಅಪ್ಪನ ಕೈಯಲ್ಲೇ ಹಿಂದಕ್ಕೆ ಕಳಿಸಿದರು. ಆ ಬಿಸಿಲಿನಲ್ಲಿ ಎರಡು ಮೈಲಿ ಬುಟ್ಟಿ ಹೊತ್ತ ಅಪ್ಪನಿಗೆ ಸಿಟ್ಟು ಬಂದಿತ್ತು. "ಎರಡು ಹಣ್ಣು ತಿಂದರೆ ಡಿಕ್ರಿ ಬದಲಾಗುತ್ತದೆಯೇ?" ಎಂದು ಮನೆಗೆ ಬಂದು ಅಮ್ಮನ ಹತ್ತಿರ ಕೂಗಾಡಿದರು. ಅದೇ ವಾರದ ಸಂತೆಯಲ್ಲಿ ಮುನ್ಸೀಫರ ಹೆಂಡತಿ ದುಡ್ಡು ಕೊಟ್ಟು ಅದೇ ಜಾತಿಯ ಹಣ್ಣು ಕೊಂಡದ್ದನ್ನು ಅಮ್ಮ ನೋಡಿದಳು. ಅಂದಿನಿಂದ ಅಪ್ಪ ಆ ಮಾತು ಎತ್ತಲಿಲ್ಲ.

ನ್ಯಾಯಾಧೀಶರ ಸ್ವಾತಂತ್ರ್ಯ ಎಂಬ ದೊಡ್ಡ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಆ ಬುಟ್ಟಿ.

ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಜಗಳವೂ ಇತ್ತು. 1977ರಲ್ಲಿ ಕೆ.ಎಸ್. ಹೆಗ್ಡೆಯವರು ಲೋಕಸಭೆಯ ಸ್ಪೀಕರ್ ಆದ ಸುದ್ದಿ ರೇಡಿಯೋದಲ್ಲಿ ಬಂದಾಗ ನನಗೆ ಎಂಟು ವರ್ಷ. ಕಾರ್ಕಳ ತಾಲೂಕಿನವರಾದ ಹೆಗ್ಡೆಯವರ ಬಗ್ಗೆ ಅಪ್ಪನಿಗೆ ತಮ್ಮ ಮನೆಯವರೆಂಬಷ್ಟು ಹೆಮ್ಮೆ. ಮುಂದೆ ನಾನು ಬಿ.ಎ. ಓದುವಾಗ ಆ ಕಥೆಯನ್ನು ಬಿಡಿಸಿ ಹೇಳಿದರು. 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಕೊಟ್ಟಿತು. ಕಾಸರಗೋಡಿನ ಹತ್ತಿರದ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹಾಕಿದ್ದ ಮೊಕದ್ದಮೆ ಅದು. ಕೂತವರು ಹದಿಮೂರು ಜನ. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ ಎಂದಿತು ಬಹುಮತ. ಮರುದಿನವೇ ಸರಕಾರ, ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ, ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿತು. ದಾಟಿಸಿಕೊಂಡ ಮೂವರೂ ಸರಕಾರದ ವಿರುದ್ಧ ಹೋದ ಏಳು ಮಂದಿಯಲ್ಲಿದ್ದವರು. ಮೂವರೂ ರಾಜೀನಾಮೆ ಕೊಟ್ಟರು.

ಅಪ್ಪ ಈ ಕಥೆ ಹೇಳುವಾಗ ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ನನ್ನ ಅಜ್ಜಿ, ಅಮ್ಮನ ತಾಯಿ, ಸುಮ್ಮನಿರುತ್ತಿರಲಿಲ್ಲ. ಅವರದು ಗೇಣಿ ಒಕ್ಕಲಿನ ಮನೆ. ದೇವರಾಜ ಅರಸರ ಕಾಲದ ಕಾನೂನಿನಿಂದ ಮೂರು ಮುಡಿ ಗದ್ದೆ ಅವರ ಹೆಸರಿಗಾಗಿತ್ತು. "ಧಣಿಗಳ ಭೂಮಿ ಕಾಯುವುದಕ್ಕೆ ಎಷ್ಟು ಜನ ಜಡ್ಜರಪ್ಪಾ!" ಎನ್ನುತ್ತಿದ್ದರು. ಅಜ್ಜಿಯ ಮಾತು ಬರಿ ಕುಹಕವಲ್ಲ. ನ್ಯಾಯಾಧೀಶರ ಜೀವನದೃಷ್ಟಿ ಯಾವುದೆಂದು ಸರಕಾರ ನೋಡಬೇಡವೇ ಎಂದು ಮೋಹನ್ ಕುಮಾರಮಂಗಲಂ ಪಾರ್ಲಿಮೆಂಟಿನಲ್ಲಿ ವಾದಿಸಿದ್ದು ಹೆಚ್ಚುಕಡಿಮೆ ಇದನ್ನೇ. ಬಡವರ ಪರವಾಗಿರುವ ಸರಕಾರಕ್ಕೆ ಬಡವರ ಪರವಾಗಿರುವ ನ್ಯಾಯಾಧೀಶರು ಬೇಡವೇ? ಈ ಪ್ರಶ್ನೆಗೆ ನನ್ನ ಹತ್ತಿರ ಬಹಳ ದಿನ ಉತ್ತರವಿರಲಿಲ್ಲ. ಆ ತೀರ್ಪು ಕೇರಳದ ಭೂಸುಧಾರಣೆಯನ್ನು ಕೆಡವಲೇ ಇಲ್ಲ ಎಂಬುದನ್ನು ಓದಿ ತಿಳಿದುಕೊಳ್ಳುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಉತ್ತರ ಸಿಕ್ಕಿದ್ದು ಮೂರು ವರ್ಷ ಆಚೆಗಿನ ಚರಿತ್ರೆಯಲ್ಲಿ. ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದವರು ಕೋರ್ಟಿಗೆ ಬರಬಹುದೇ ಎಂಬ ಪ್ರಶ್ನೆ ಎದ್ದಾಗ, 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಬರುವಂತಿಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಬರಬಹುದು ಎಂದರು. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯಾಗುವ ಸರದಿ ಅವರದು. ಅವರನ್ನೂ ದಾಟಿ ಎಂ.ಎಚ್. ಬೇಗ್ ಅವರನ್ನು ಕೂರಿಸಿದರು. ನಮ್ಮ ಕರ್ನಾಟಕದ ಹೈಕೋರ್ಟೂ ತಪ್ಪಿಸಿಕೊಳ್ಳಲಿಲ್ಲ. ಬೆಂಗಳೂರಿನ ಜೈಲಿನಲ್ಲಿದ್ದ ನಾಯಕರ ಅರ್ಜಿ ಕೇಳಿದ್ದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗೌಹಾತಿಗೆ ವರ್ಗವಾದರು. ವರ್ಗಾವಣೆ ಎಂದರೇನೆಂದು ನಮ್ಮಂಥ ಮೇಷ್ಟ್ರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಬಡವರಿಗೆಂದು ಬಗ್ಗಿಸಿದ ಬೆನ್ನು ಮುಂದೆ ಯಾರಿಗೆ ಬೇಕಾದರೂ ಬಗ್ಗುತ್ತದೆ, ಅಜ್ಜಿಯ ಗದ್ದೆ ಕಸಿದುಕೊಳ್ಳಲು ಬಂದವರಿಗೂ.

ನಾಲ್ವರ ಆ ತೀರ್ಪನ್ನು ಸುಪ್ರೀಂ ಕೋರ್ಟೇ 2017ರಲ್ಲಿ ತಪ್ಪೆಂದಿತು. ಹಾಗೆಂದು ಬರೆದವರಲ್ಲಿ ಡಿ.ವೈ. ಚಂದ್ರಚೂಡ್ ಒಬ್ಬರು, ನಾಲ್ವರಲ್ಲಿ ಒಬ್ಬರು ಅವರ ತಂದೆ. ನಲವತ್ತೊಂದು ವರ್ಷ ಬೇಕಾಯಿತು.

ನಾನು ಯೋಚಿಸುವುದು ಇದು: ಸಂವಿಧಾನ ನ್ಯಾಯಾಧೀಶರನ್ನು ಹೆದರಿಕೆಯಿಂದ ಚೆನ್ನಾಗಿಯೇ ಕಾಪಾಡಿದೆ. ಸುಪ್ರೀಂ ಕೋರ್ಟು, ಹೈಕೋರ್ಟುಗಳ ನ್ಯಾಯಾಧೀಶರ ಸಂಬಳವನ್ನು ಶಾಸನಸಭೆಯಲ್ಲಿ ಮತಕ್ಕೆ ಹಾಕುವಂತಿಲ್ಲ, ಪಾರ್ಲಿಮೆಂಟಿನ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತವಿಲ್ಲದೆ ಅವರನ್ನು ತೆಗೆಯುವಂತಿಲ್ಲ. ಆದರೆ ಆಸೆಯಿಂದ ಕಾಪಾಡುವುದು ಹೇಗೆ? ಖನ್ನಾ ಅವರನ್ನು ಯಾರೂ ಬೆದರಿಸಬೇಕಾಗಿರಲಿಲ್ಲ. ಕೈಗೆ ಬರಲಿದ್ದ ಕುರ್ಚಿ ಅವರ ಕಣ್ಣೆದುರೇ ಇತ್ತು. 1993ರ ತೀರ್ಪಿನಿಂದ ಆಯ್ಕೆಯ ಅಧಿಕಾರ ಹಿರಿಯ ನ್ಯಾಯಾಧೀಶರ ಕೊಲಿಜಿಯಂ ಕೈಗೆ ಬಂತು. ಅದನ್ನು ಬದಲಿಸಲು ತಂದ ಆಯೋಗವನ್ನು 2015ರಲ್ಲಿ ಕೋರ್ಟು ರದ್ದು ಮಾಡಿತು. ಸರಕಾರದ ಕೈ ದೂರವಾದದ್ದು ಒಳ್ಳೆಯದೇ. ಆದರೂ ಬಾಗಿಲು ಮುಚ್ಚಿಕೊಂಡು ಆರಿಸುವುದು ನನಗೆ ಒಗ್ಗುವುದಿಲ್ಲ. ನಾನು ತಿದ್ದಿದ ಉತ್ತರಪತ್ರಿಕೆಯನ್ನು ಮಕ್ಕಳ ಕೈಗೆ ಕೊಡುತ್ತೇನಲ್ಲ!

ನಿವೃತ್ತಿಯ ನಂತರದ ಹುದ್ದೆಗಳದು ಇನ್ನೊಂದು ಕಥೆ. ಸುಪ್ರೀಂ ಕೋರ್ಟಿನಿಂದ ನಿವೃತ್ತರಾದವರು ಮತ್ತೆ ವಕೀಲಿ ಮಾಡುವಂತಿಲ್ಲ. ರಾಜ್ಯಪಾಲರಾಗಬಹುದು, ರಾಜ್ಯಸಭೆಗೆ ಹೋಗಬಹುದು. ರಂಜನ್ ಗೊಗೊಯ್ ನಿವೃತ್ತರಾದ ನಾಲ್ಕು ತಿಂಗಳಿಗೆ, 2020ರಲ್ಲಿ, ರಾಜ್ಯಸಭೆಗೆ ನಾಮಕರಣಗೊಂಡರು. ನಮ್ಮ ಜಿಲ್ಲೆಯವರೇ ಆದ ಅಬ್ದುಲ್ ನಜೀರ್ 2023ರ ಜನವರಿಯಲ್ಲಿ ನಿವೃತ್ತರಾಗಿ ಮರುತಿಂಗಳು ಆಂಧ್ರದ ರಾಜ್ಯಪಾಲರಾದರು. ಅವರ ತೀರ್ಪುಗಳು ತಪ್ಪೆಂದು ನಾನು ಹೇಳುವುದಿಲ್ಲ, ಹೇಳುವ ಯೋಗ್ಯತೆಯೂ ನನಗಿಲ್ಲ. ಆದರೆ ಬುಟ್ಟಿ ಬಂದದ್ದು ಊರಿಗೆಲ್ಲ ಕಾಣಿಸುತ್ತದೆ. ಅಪ್ಪನ ಹೆಗ್ಡೆಯವರೂ ನ್ಯಾಯಾಧೀಶರಾಗುವ ಮೊದಲು ಕಾಂಗ್ರೆಸ್ಸಿನಿಂದ ರಾಜ್ಯಸಭೆಯಲ್ಲಿದ್ದವರು, ಆಮೇಲೆ ಜನತಾ ಪಕ್ಷದಿಂದ ಗೆದ್ದವರು. ಕಾಂಗ್ರೆಸ್ಸಿನಿಂದ ಬಂದವರೇ ಕಾಂಗ್ರೆಸ್ ಸರಕಾರದ ವಿರುದ್ಧ ಬರೆದರು ಎಂದು ಅಪ್ಪ ಮೀಸೆ ತಿರುವುತ್ತಿದ್ದರು. ಅದು ನಿಜ. ಎಲ್ಲರಿಂದಲೂ ಅದನ್ನು ನಿರೀಕ್ಷಿಸಬಹುದೇ?

ನನ್ನಿಂದಂತೂ ಆಗಲಿಲ್ಲ. ದಾಕ್ಷಿಣ್ಯಕ್ಕೆ ಬಸುರಾದವಳ ಗಾದೆಯನ್ನು ತರಗತಿಯಲ್ಲಿ ಹೇಳುವ ಹಾಗಿಲ್ಲ, ಇಲ್ಲಿ ಹೇಳಬಹುದು. ಇಪ್ಪತ್ತು ವರ್ಷದ ಹಿಂದೆ ಪ್ರತಿಭಾ ಕಾರಂಜಿಯ ಭಾಷಣ ಸ್ಪರ್ಧೆಗೆ ನಾನು ತೀರ್ಪುಗಾರ್ತಿ. ಅಮ್ಮ ಹಾಸಿಗೆ ಹಿಡಿದಿದ್ದಳು. ಅವಳ ಊರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ಸ್ಪರ್ಧೆ ಶುರುವಾಗುವ ಮುಂಚೆ ಊರಿನ ಮುಖಂಡರೊಬ್ಬರು ಪಕ್ಕದಲ್ಲಿ ಬಂದು ನಿಂತರು. "ಟೀಚರೇ, ನಿಮ್ಮ ವರ್ಗದ ವಿಷಯ ನನ್ನ ನೆನಪಿನಲ್ಲಿದೆ" ಎಂದರು, ಅಷ್ಟೇ. ಮೂರನೆಯದಾಗಿ ಮಾತಾಡಿದ್ದು ಅವರ ತಂಗಿಯ ಮಗಳು. ಚೆನ್ನಾಗಿಯೇ ಮಾತಾಡಿದಳು. ಐದನೆಯವಳು, ಬೀಡಿ ಕಟ್ಟುವವರ ಮನೆಯ ಹುಡುಗಿ, ಅವಳಿಗಿಂತ ಚೆನ್ನಾಗಿ ಮಾತಾಡಿದಳು. ನಾನು ಎರಡು ಅಂಕ ಅತ್ತ ಇತ್ತ ಮಾಡಿದೆ. ವರ್ಗವೂ ಆಯಿತು.

ಬಹುಮಾನ ಹಂಚಿದ ಮೇಲೆ ಆ ಹುಡುಗಿ ಬಂದು ಕೈ ಕಟ್ಟಿ ನಿಂತು, "ನನ್ನದು ಎಲ್ಲಿ ತಪ್ಪಿತು ಟೀಚರ್?" ಎಂದು ಕೇಳಿದಳು. ಏನಾದರೂ ಹೇಳಬೇಕಿತ್ತಲ್ಲ, "ಳಕಾರದ ಉಚ್ಚಾರ ಸ್ವಲ್ಪ ಸಾಲದು" ಎಂದೆ. ಅವಳ ಳಕಾರದಲ್ಲಿ ಯಾವ ದೋಷವೂ ಇರಲಿಲ್ಲ. ವರ್ಗವಾಗಿ ಹೊರಡುವ ಮೊದಲು ಆ ಶಾಲೆಯ ದಾರಿಯಲ್ಲಿ ಹೋಗುವಾಗ ಅವಳು ಪ್ರಾರ್ಥನೆಯ ಹೊತ್ತಿಗೆ ಪತ್ರಿಕೆ ಓದುವುದು ಕೇಳಿಸಿತು. ಪ್ರತಿಯೊಂದು ಳಕಾರವನ್ನೂ ಒತ್ತಿ ಒತ್ತಿ ಹೇಳುತ್ತಿದ್ದಳು.