ಗುಂಡಿನ ವೇಗಮಾಪಕವೂ ಶ್ರಾವಕನ ವಿವೇಕವೂ

ಹಿಂಸೆಯ ಮೂಲವು ಆಯುಧದಲ್ಲಿಲ್ಲ, ಅದನ್ನು ಹಿಡಿದವನ ಪ್ರಮಾದದಲ್ಲಿದೆ ಎಂಬುದು ಜೈನಾಚಾರ್ಯರ ನಿಲುವು. ಹಾಗೆಂದು ಎಲ್ಲ ಉಪಕರಣಗಳನ್ನೂ ನಿರ್ದೋಷವೆಂದು ಸಾರಲು ಅವರು ಎಡೆಗೊಟ್ಟಿಲ್ಲ; ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವ ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಈ ಎರಡು ಮಾತುಗಳ ನಡುವೆ ನಿಲ್ಲುವ ಯಂತ್ರವೊಂದಿದೆ. ಅದು ಬಂದೂಕಿನಿಂದ ಹೊರಟ ಗುಂಡಿನ ವೇಗವನ್ನು ಅಳೆಯುವ ಕ್ರೋನೋಗ್ರಾಫ್. ಅದು ತಾನು ಯಾವ ಜೀವಿಯನ್ನೂ ನೋಯಿಸದು. ಆದರೆ ನೋಯಿಸುವವನಿಗೂ ನೆರವಾಗಬಲ್ಲದು. ಅದನ್ನು ಕೊಳ್ಳುವ, ಮಾರುವ ಶ್ರಾವಕನಿಗೆ ದೋಷವುಂಟೇ?

1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹಾರಿಸಿ, ಅದರ ತೂಗಾಟದಿಂದ ವೇಗವನ್ನು ಲೆಕ್ಕಹಾಕುವ ವಿಧಾನವನ್ನು ಪ್ರಕಟಿಸಿದನು. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಯಂತ್ರದಲ್ಲಿ ಎರಡು ಬೆಳಕಿನ ಸಂವೇದಕಗಳಿದ್ದು, ಗುಂಡಿನ ನೆರಳು ಒಂದನ್ನು ದಾಟಿ ಇನ್ನೊಂದನ್ನು ತಲುಪುವ ಕಾಲವನ್ನು ಅಳೆಯಲಾಗುತ್ತದೆ. ಸಂವೇದಕಗಳ ಅಂತರ 30 ಸೆಂಟಿಮೀಟರ್, ಗುಂಡಿನ ವೇಗ ಸೆಕೆಂಡಿಗೆ 300 ಮೀಟರ್ ಆದರೆ ಆ ಕಾಲವು ಸೆಕೆಂಡಿನ ಸಾವಿರದ ಒಂದು ಭಾಗ. ಆ ಅಂತರದಲ್ಲಿ 3 ಮಿಲಿಮೀಟರ್ ತಪ್ಪಿದರೆ ಉತ್ತರದಲ್ಲಿ ಶೇಕಡಾ 1ರಷ್ಟು ದೋಷ ಬರುತ್ತದೆ. ಅಂತರವನ್ನು ಇಮ್ಮಡಿಸಿದರೆ ಆ ದೋಷ ಅರ್ಧಕ್ಕಿಳಿಯುತ್ತದೆ. ಆದುದರಿಂದ ಆಯ್ಕೆಯಲ್ಲಿ ಮೊದಲು ನೋಡತಕ್ಕದ್ದು ಬೆಲೆಯನ್ನಲ್ಲ, ಅಂತರದ ಸ್ಥಿರತೆಯನ್ನು. ನಳಿಗೆಗೆ ತೀರ ಸಮೀಪವಿಟ್ಟರೆ ಸ್ಫೋಟದ ಅನಿಲವೇ ಸಂವೇದಕವನ್ನು ಕೆಣಕೀತು. ಕೊಠಡಿಯೊಳಗಿನ ಮಿನುಗುವ ದೀಪಗಳೂ ಅದನ್ನು ಮೋಸಗೊಳಿಸಬಲ್ಲವು. ನಳಿಗೆಗೆ ಕಟ್ಟುವ ಕಾಂತೀಯ ಯಂತ್ರವು ಬೆಳಕನ್ನು ಅವಲಂಬಿಸದು. ಆದರೆ ತನ್ನ ಭಾರದಿಂದ ಗುರಿಯನ್ನೇ ಬದಲಿಸೀತು. ರಾಡಾರ್ ಯಂತ್ರವು ಗುಂಡಿನ ದಾರಿಯ ಪಕ್ಕದಲ್ಲಿದ್ದುಕೊಂಡೇ ಅಳೆಯುತ್ತದೆ.

ಒಂದೇ ಗುಂಡಿನ ವೇಗವನ್ನು ನೋಡಿ ತೀರ್ಮಾನಿಸುವುದು ಏಕಾಂತವಾದೀತು. ಹತ್ತು ಬಾರಿ ಅಳೆದು, ಸರಾಸರಿಯನ್ನೂ ಅವುಗಳ ವ್ಯತ್ಯಾಸವನ್ನೂ ಜೊತೆಗೂಡಿಸಿ ಗ್ರಹಿಸಬೇಕು. ಈ ಹವೆಯಲ್ಲಿ, ಈ ದೂರದಲ್ಲಿ, ಈ ಮದ್ದಿನಿಂದ ಇಷ್ಟು ವೇಗ ಎಂಬ ಅಪೇಕ್ಷೆಯೊಡನೆ ನುಡಿದ ಅಳತೆಯೇ ಸತ್ಯವಾದುದು.

ಸತ್ಯಾಣುವ್ರತದ ಮಹತ್ವವು ಇಲ್ಲಿ ಪ್ರಕಟವಾಗುತ್ತದೆ. ಸೈನಿಕರ ಮತ್ತು ಆರಕ್ಷಕರ ಎದೆಗವಚಗಳನ್ನು ಪರೀಕ್ಷಿಸುವಾಗ ಗುಂಡು ನಿಗದಿತ ವೇಗದಿಂದಲೇ ಬಡಿಯಬೇಕು. ಇಂಥ ಕವಚಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2018ರಲ್ಲಿ ಮಾನಕವನ್ನು ಹೊರಡಿಸಿದೆ. ಗುಂಡಿನ ವೇಗ ಕಡಿಮೆಯಿದ್ದುದನ್ನು ಮರೆಮಾಚಿದರೆ ದುರ್ಬಲ ಕವಚವೂ ಉತ್ತೀರ್ಣವಾಗುತ್ತದೆ, ಅದನ್ನು ನಂಬಿ ಧರಿಸಿದವನು ಪ್ರಾಣ ತೆರಬೇಕಾಗುತ್ತದೆ. ಅಲ್ಲಿ ಸುಳ್ಳು ಅಂಕಿಯೇ ಹಿಂಸೆ, ನಿಜವಾದ ಅಂಕಿಯೇ ಜೀವರಕ್ಷೆ. ಸೇನಾಪತಿಯಾಗಿದ್ದ ಚಾವುಂಡರಾಯನೇ ಶ್ರವಣಬೆಳಗೊಳದಲ್ಲಿ ಬಾಹುಬಲಿಯ ವಿಗ್ರಹವನ್ನು ನಿಲ್ಲಿಸಿದ ಪರಂಪರೆ ನಮ್ಮದು. ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಗೃಹಸ್ಥನ ವಿಷಯದಲ್ಲಿ ಆಚಾರ್ಯರು ಬೇರೆಯಾಗಿ ಎಣಿಸಿದ್ದಾರೆ.

ಗುರಿಕ್ರೀಡೆಯ ಸ್ಥಿತಿ ಬೇರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದದ್ದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಅಲ್ಲಿ ಗುರಿ ಪ್ರಾಣಿಯಲ್ಲ. ಅರ್ಧ ಗ್ರಾಂ ತೂಕದ ಗುಂಡು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 7 ಜೂಲ್. ಪ್ರತಿಬಾರಿಯೂ ಅದೇ ವೇಗ ಬರುವುದೇ ಕ್ರೀಡಾಪಟುವಿಗೆ ಬೇಕಾದದ್ದು, ವೇಗ ಹೆಚ್ಚುವುದಲ್ಲ. ಆದರೆ ಅಂಕಿಯನ್ನು ಏರಿಸುವ ಹಂಬಲ ಹುಟ್ಟಿದಾಗ ಮಾನಕಷಾಯವು ತಲೆಯೆತ್ತುತ್ತದೆ. ವೇಗ ಇಮ್ಮಡಿಸಿದರೆ ಶಕ್ತಿ ನಾಲ್ಮಡಿಯಾಗುತ್ತದೆ. ಕಾಗದವನ್ನು ತೂತುಮಾಡಲು ಸಾಕಾದ ಬಂದೂಕು ತೋಟದ ಹಕ್ಕಿಯತ್ತ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಮಗನಿಗೆ ಯಂತ್ರ ಕೊಡಿಸುವ ತಂದೆಯು ಈ ತಿರುವನ್ನು ಗಮನಿಸತಕ್ಕದ್ದು.

ಬೇಟೆಗಾರನು ಮತ್ತೊಂದು ವಾದವನ್ನು ಮುಂದಿಡುತ್ತಾನೆ. ವೇಗವನ್ನು ಅಳೆದು ತಿಳಿದರೆ ಗುಂಡು ತಪ್ಪದೆ ತಾಗುತ್ತದೆ, ಪ್ರಾಣಿ ನರಳದೆ ಸಾಯುತ್ತದೆ, ಆದ್ದರಿಂದ ಇದು ದಯೆಯೇ ಎನ್ನುತ್ತಾನೆ. ನರಳಿಕೆ ಕಡಿಮೆಯಾಗುವುದು ನಿಜ. ಆದರೆ ಕೊಲ್ಲಬೇಕೆಂಬ ಸಂಕಲ್ಪವನ್ನು ಉಳಿಸಿಕೊಂಡು ವೇದನೆಯನ್ನು ಮಾತ್ರ ಕಳೆಯುವುದರಿಂದ ಸಂಕಲ್ಪೀ ಹಿಂಸೆ ಅಳಿಯುವುದಿಲ್ಲ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಹಂತಗಳಲ್ಲಿ ಸಾಧನಗಳನ್ನು ಸಜ್ಜುಗೊಳಿಸುವುದೇ ಸಮಾರಂಭ; ಬೇಟೆಗಾಗಿ ಮಾಡಿದ ಅಳತೆ ಅದರಲ್ಲಿ ಸೇರುತ್ತದೆ. ಇದನ್ನು ತಿಳಿದೂ ಯಂತ್ರವನ್ನು ಮಾರಿ, ಇಷ್ಟು ವೇಗವಿದ್ದರೆ ಇಂಥ ಮೃಗಕ್ಕೆ ಸಾಕೆಂದು ಸಲಹೆ ನೀಡುವ ವರ್ತಕನಿಗೆ ಪಾಪೋಪದೇಶದ ದೋಷ ತಪ್ಪದು. ಕೃತ, ಕಾರಿತ, ಅನುಮೋದಿತ ಈ ಮೂರನ್ನೂ ಶಾಸ್ತ್ರವು ಒಂದೇ ಲೆಕ್ಕದಲ್ಲಿ ಸೇರಿಸಿದೆ. ಕೊಳ್ಳುವವನ ಉದ್ದೇಶವನ್ನು ವಿಚಾರಿಸುವುದು ವ್ಯಾಪಾರಕ್ಕೆ ಅಡ್ಡಿಯೆನಿಸಿದರೂ ವ್ರತಕ್ಕೆ ರಕ್ಷೆಯಾಗುತ್ತದೆ.

ಕ್ರೋನೋಗ್ರಾಫಿನ ಲೆಕ್ಕವು ಗುಂಡು ನಳಿಗೆಯನ್ನು ಬಿಟ್ಟ ಮೇಲೆ ಮೊದಲಾಗುತ್ತದೆ. ಧರ್ಮದ ಲೆಕ್ಕವು ಅದಕ್ಕೂ ಮುಂಚೆ, ಮನಸ್ಸಿನಲ್ಲಿ ಭಾವ ಮೂಡಿದ ಸಮಯದಲ್ಲೇ ಮೊದಲಾಗುತ್ತದೆ. ಯಂತ್ರವು ಹಿಡಿಯುವ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿಯೂ ಅಸಂಖ್ಯಾತ ಸಮಯಗಳಿವೆ ಎಂದು ಜೈನ ಕಾಲಗಣನೆ ಹೇಳುತ್ತದೆ. ಅವುಗಳಲ್ಲಿ ಒಂದರಲ್ಲಿಯೂ ಕಷಾಯಯುಕ್ತ ಜೀವನಿಗೆ ಕರ್ಮಾಸ್ರವ ನಿಲ್ಲದು. ಆದುದರಿಂದ ಯಂತ್ರವನ್ನು ಕೊಳ್ಳುವ ಮೊದಲು, ಅದು ತೋರಿಸುವ ಅಂಕಿಯಿಂದ ಮುಂದೆ ಏನನ್ನು ಮಾಡಬೇಕೆಂದಿದೆ ಎಂದು ಶ್ರಾವಕನು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಜೀವರಕ್ಷೆಗೋ ನಿರ್ದೋಷವಾದ ಅಭ್ಯಾಸಕ್ಕೋ ಆದರೆ ಪ್ರಾಮಾಣಿಕವಾಗಿ ಅಳೆಯಲಿ. ಜೀವಘಾತಕ್ಕಾದರೆ ಯಂತ್ರ ಎಷ್ಟೇ ನಿಖರವಾಗಿರಲಿ, ಅದು ಅವನ ಮನೆಗೆ ಸಲ್ಲದು.