ತೊಡೆ ಮುರಿದ ಮೇಲೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಊರುಗಳಿಗೆ ‘ಕುರುಕ್ಷೇತ್ರ’ ನಾಟಕವೆಂದರೆ ಪ್ರಾಣ. ಕಬ್ಬು ಬೆಳೆಯುವವರು, ಅಂಗಡಿ ಇಟ್ಟವರು, ಸ್ಕೂಲ್ ಮೇಷ್ಟ್ರುಗಳು ಪಾತ್ರಕ್ಕೆ ಇಷ್ಟೆಂದು ಕೈಯಿಂದ ಹಣ ಹಾಕಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ಮಟ್ಟು ಕಲಿತು ಬಣ್ಣ ಹಚ್ಚುತ್ತಾರೆ. ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಜಾಸ್ತಿ. ಆಸ್ಥಾನದ ಸೀನಿಗೆ, ಸಂಧಾನದ ಸೀನಿಗೆ ಒನ್ಸ್‌ಮೋರ್ ಬೀಳುತ್ತದೆ. ಆಟ ವೈಶಂಪಾಯನ ಸರೋವರ ಮುಟ್ಟುವ ಹೊತ್ತಿಗೆ ಬೆಳಗಿನ ಜಾವ. ಅರ್ಧ ಜನ ಚಾಪೆ ಸುತ್ತಿಕೊಂಡು ಹೊರಟಿರುತ್ತಾರೆ. ನಾನು ನೋಡಿದ ಆಟಗಳಲ್ಲೆಲ್ಲ ಭೀಮನ ಗದೆ ತೊಡೆಗೆ ಬಿದ್ದದ್ದೇ ತಡ, ಮಂಗಳ ಹಾಡಿ ಪರದೆ ಎಳೆದಿದ್ದಾರೆ.

ದುರಂತ ಶುರುವಾಗುವುದೇ ಅಲ್ಲಿಂದ.

ರನ್ನನ ‘ಗದಾಯುದ್ಧ’ದ ಕೊನೆಯ ಭಾಗವನ್ನು ನಿಧಾನವಾಗಿ ಓದಿ ನೋಡಬೇಕು. ತೊಡೆ ಮುರಿದು ಬಿದ್ದ ದೊರೆಯ ಬಳಿಗೆ ಅಶ್ವತ್ಥಾಮ ಐದು ತಲೆ ತರುತ್ತಾನೆ, ಪಾಂಡವರದೆಂದು. ದುರ್ಯೋಧನ ನೋಡಿದರೆ ಎಳೆಯ ಮುಖಗಳು, ದ್ರೌಪದಿಯ ಮಕ್ಕಳವು. ಹಿಗ್ಗುವುದಿಲ್ಲ ಅವನು. ಮಕ್ಕಳನ್ನು ಕೊಂದ ಪಾಪ ಹೇಗೆ ತೊಳೆದೀತೆಂದು ಮರುಗುತ್ತಾನೆ. ಸಾಯುವ ಗಳಿಗೆಯಲ್ಲೂ ಛಲ ಬಿಡದ ಆ ಮನುಷ್ಯನೊಳಗೆ ಇಂಥದ್ದೊಂದು ಜೀವ ಇತ್ತೆಂದು ನಮಗೆ ಗೊತ್ತಾಗುವುದು ಇಂಥ ಜಾಗದಲ್ಲಿ. ಭಾಸನ ‘ಊರುಭಂಗ’ದಲ್ಲಿ ಇನ್ನೂ ಕರುಳು ಹಿಂಡುವ ಸನ್ನಿವೇಶವಿದೆ: ಪುಟ್ಟ ಮಗ ದುರ್ಜಯ ಬಂದು ಅಪ್ಪನ ತೊಡೆಯೇರಲು ಹೋಗುತ್ತಾನೆ. ಕೂರಿಸಿಕೊಳ್ಳಲು ಅಪ್ಪನಿಗೆ ಆಗದು. ತುಂಬಿದ ಸಭೆಯಲ್ಲಿ ದ್ರೌಪದಿಗೆ ತೋರಿಸಿದ ತೊಡೆ ಅದು.

ಇಂಥ ಕೊನೆಗಳ ಬೆಲೆ ಬಲ್ಲವರು ಬಿ.ಎಂ. ಶ್ರೀಕಂಠಯ್ಯ. ಅವರ ಹೆಸರಿನ ಮೊದಲಕ್ಷರ ನಮ್ಮದೇ ಜಿಲ್ಲೆಯ, ನಾಗಮಂಗಲ ತಾಲ್ಲೂಕಿನ ಬೆಳ್ಳೂರು. 1926ರಲ್ಲಿ ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಮಾಡಿದರು. 1929ರಲ್ಲಿ ಸೊಫೋಕ್ಲಿಸನ ‘ಅಜಾಕ್ಸ್’ ಮುಂದಿಟ್ಟುಕೊಂಡು ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿ ಎಂದು ನಾಡೆಲ್ಲ ನಂಬಿದವನಿಗೆ ಸಾವು ಕೊಡುವ ಧೈರ್ಯ ಸಣ್ಣದಲ್ಲ. ಅವರು ಮಾದರಿಯಾಗಿ ಹಿಡಿದ ಗ್ರೀಕ್ ನಾಟಕದಲ್ಲಿ ವೀರ ಸತ್ತ ಮೇಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ನಾಟಕ ಉಳಿದಿರುತ್ತದೆ. ಅದರಲ್ಲಿ ಹೆಚ್ಚಿನದು ಶವಕ್ಕೆ ಮಣ್ಣು ಕೊಡಬೇಕೇ ಬೇಡವೇ ಎಂಬ ಜಗಳ. ಕೊಡಲೇಬೇಕೆಂದು ವಾದಿಸಿ ಗೆಲ್ಲುವವನು ಒಡಿಸ್ಯೂಸ್, ಸತ್ತವನ ಕಡುವೈರಿ! ವೀರನ ಸಾವಿಗೇ ಪರದೆ ಎಳೆದಿದ್ದರೆ ಆ ವೈರಿಯ ದೊಡ್ಡತನ ಯಾರಿಗೂ ಕಾಣುತ್ತಿರಲಿಲ್ಲ.

ನಮ್ಮ ಹತ್ತನೇ ತರಗತಿಯ ಮಕ್ಕಳು ರನ್ನನ ‘ಛಲಮನೆ ಮೆರೆವೆಂ’ ಪಾಠ ಓದಿದ್ದಾರೆ. ದುರ್ಯೋಧನನ ಛಲ ಅವರಿಗೆ ಬಾಯಿಪಾಠ. ಆಟದ ದಿನ ರಂಗದ ಮುಂದಿನ ಸಾಲಲ್ಲಿ ಕೂರುವವರೂ ಅವರೇ. ಅವರಿಗಾಗಿಯಾದರೂ ಊರಿನ ಕಲಾವಿದರಲ್ಲಿ ಒಂದು ಕೇಳಿಕೆ: ಆಸ್ಥಾನದಲ್ಲಿ ಎರಡು ಹಾಡು ಕಡಿಮೆ ಮಾಡಿ, ಒನ್ಸ್‌ಮೋರ್ ಒಂದನ್ನು ಬಿಟ್ಟುಕೊಡಿ, ತೊಡೆ ಮುರಿದ ಮೇಲೆ ದುರ್ಯೋಧನನಿಗೆ ಇನ್ನೂ ಹತ್ತು ನಿಮಿಷ ಕೊಡಿ. ಅಶ್ವತ್ಥಾಮ ಬರಲಿ, ಆ ಐದು ಮುಖ ತೋರಿಸಲಿ. ಮೇಷ್ಟ್ರೇ, ಈ ಸಲದ ಪ್ರಾಕ್ಟೀಸನ್ನು ಆ ಸೀನಿನಿಂದಲೇ ಶುರು ಮಾಡಿ.