ತಪ್ಪಾಯಿತೆಂಬ ಮಾತು, ತಿರುಗಿದ ಮನಸ್ಸು

ತಮ್ಮನ ಆಟಿಕೆಯನ್ನು ಮುರಿದ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, ‘ತಪ್ಪಾಯಿತು ಅನ್ನು’ ಎಂದು ಗದರಿಸುತ್ತೇವೆ. ಮಗು ಅನ್ನುತ್ತದೆ, ನಮಗೆ ಸಮಾಧಾನವಾಗುತ್ತದೆ. ಆದರೆ ವಾಚಕರೇ, ಆ ಮಾತು ಬಂದದ್ದು ತಪ್ಪಿನ ಅರಿವಿನಿಂದಲೋ ಬೆತ್ತದ ಅಂಜಿಕೆಯಿಂದಲೋ ಎಂದು ನಾವು ವಿಚಾರಿಸಿದ್ದುಂಟೆ? ಅಂಜಿಕೆಯಿಂದ ಬಂದುದಾದರೆ ಮಗು ಕಲಿತದ್ದು ಪಾರಾಗುವ ಉಪಾಯವನ್ನು ಮಾತ್ರ.

ಕ್ರೈಸ್ತ ಧರ್ಮವು ಈ ವಿಷಯವನ್ನು ಆಳವಾಗಿ ಚಿಂತಿಸಿದೆ. ಪಶ್ಚಾತ್ತಾಪಕ್ಕೆ ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿರುವ ಪದ ‘ಮೆಟನೋಯಿಯ’. ಮನಸ್ಸು ಮಾರ್ಪಡುವುದೆಂದು ಅದರ ಅರ್ಥ. ಹೀಬ್ರೂ ಪ್ರವಾದಿಗಳು ಬಳಸಿದ ಪದಕ್ಕೆ ಹಿಂದಿರುಗುವುದೆಂದು ಅರ್ಥ. ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 7ನೆಯ ಅಧ್ಯಾಯದಲ್ಲಿ ದುಃಖವನ್ನು ಎರಡಾಗಿ ವಿಂಗಡಿಸುತ್ತಾನೆ: ಒಂದು ಬಾಳನ್ನು ತಿದ್ದುವ ದುಃಖ, ಇನ್ನೊಂದು ಮರಣಕ್ಕೆ ಒಯ್ಯುವ ದುಃಖ. ಗುರುವನ್ನು ಅರಿಯೆನೆಂದ ಪೇತ್ರನೂ ಅತ್ತನು; ಗುರುವನ್ನು ಹಿಡಿದುಕೊಟ್ಟ ಯೂದನೂ ಮರುಗಿದನು. ಪೇತ್ರನಿಗೆ ಮರಳುವ ದಾರಿ ಕಂಡಿತು. ಯೂದನು ನಿರಾಶೆಯಲ್ಲಿ ಪ್ರಾಣ ನೀಗಿದನು.

ಹಾಗಾದರೆ ಮಗುವಿಗೆ ಮೊದಲು ತಿಳಿಯಬೇಕಾದದ್ದು, ಮನೆಯ ಬಾಗಿಲು ಮುಚ್ಚಿಲ್ಲವೆಂಬುದು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಂದೆಯು, ಆಸ್ತಿಯನ್ನೆಲ್ಲ ಹಾಳುಮಾಡಿ ಬಂದ ಮಗನು ಬಾಯಿ ತೆರೆಯುವ ಮುಂಚೆಯೇ ಓಡಿಹೋಗಿ ಅವನನ್ನು ಅಪ್ಪಿಕೊಂಡನು.

ಇಷ್ಟು ಸಲಿಗೆ ಕೊಟ್ಟರೆ ಮಗು ಕೆಡದೆ ಎಂದು ನೀವು ಕೇಳಬಹುದು. ಶಂಕೆ ಯೋಗ್ಯವಾದುದೇ. ಅದೇ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯನ ಕಥೆ ಇದಕ್ಕೆ ಉತ್ತರ. ಯೆರಿಕೋ ಪಟ್ಟಣದ ಈ ಸುಂಕದ ಮುಖಂಡನ ಮನೆಗೆ, ಜನರು ಗೊಣಗುತ್ತಿದ್ದರೂ, ಯೇಸುಕ್ರಿಸ್ತನು ತಾನಾಗಿ ಅತಿಥಿಯಾಗಿ ಹೋದನು. ಆಗ ಜಕ್ಕಾಯನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯವಾಗಿ ಕಸಿದುದಕ್ಕೆ ನಾಲ್ಕರಷ್ಟನ್ನು ಹಿಂದಿರುಗಿಸುವುದಾಗಿಯೂ ನುಡಿದನು. ಅವನನ್ನು ಯಾರೂ ಗದರಿಸಿರಲಿಲ್ಲ. ಆದರೂ ಹಳೆಯ ಲೆಕ್ಕವನ್ನು ತೀರಿಸುವ ಮನಸ್ಸು ಹುಟ್ಟಿತು.

ಆದ್ದರಿಂದ ಮಾತನ್ನು ಬಾಯಿಗೆ ತುರುಕುವ ಬದಲು, ತಮ್ಮನ ಅಳುಮುಖವನ್ನು ಮಗು ಶಾಂತವಾಗಿ ನೋಡುವಂತೆ ಮಾಡೋಣ. ಮುರಿದುದನ್ನು ಅವನೊಡನೆ ಕುಳಿತು ಜೋಡಿಸಲಿ. ಜೋಡಿಸಲಾಗದಿದ್ದರೆ ತನ್ನದೊಂದನ್ನು ಕೊಡಲಿ. ಮಾತು ತಡವಾಗಿ ಬಂದರೂ ಚಿಂತೆಯಿಲ್ಲ.

ಕೊನೆಯದು ಎಲ್ಲಕ್ಕಿಂತ ಕಠಿನವಾದುದು. ಕೋಪದಲ್ಲಿ ನಿರಪರಾಧಿಯಾದ ಮಗುವಿಗೆ ಹೊಡೆದ ದಿನ, ‘ನನ್ನದೇ ತಪ್ಪಾಯಿತು, ಮಗು’ ಎಂದು ನಾವು ಹೇಳಿದ್ದೇವೆಯೆ? ಹಿರಿಯರು ತಿರುಗಿಬಂದುದನ್ನು ಒಮ್ಮೆಯೂ ಕಾಣದ ಮಗುವಿಗೆ ತಿರುಗುವ ದಾರಿಯನ್ನು ತೋರಿಸುವವರಾರು?